ಟ್ಯಾಬ್ಲೆಟ್‌ಗೆ ಕೀಬೋರ್ಡ್ ಕೇಸ್: ಕೀಲಿಗಳಿಗಿಂತ ಮೊದಲು ನೀವು ಕೂರುವ ಜಾಗವನ್ನು ನೋಡಿ

ನಾನು ಕೊಂಡ ಮೊದಲ ಕೀಬೋರ್ಡ್ ಕೇಸಿನ ಕೀಲಿಗಳು ಚೆನ್ನಾಗಿಯೇ ಇದ್ದವು. ಒತ್ತಿದರೆ ಹಿತವಾಗಿ ಇಳಿಯುತ್ತಿದ್ದವು, ಸದ್ದು ಕಡಿಮೆ, ಅಕ್ಷರಗಳ ಹಿಂದೆ ಬೆಳಕೂ ಇತ್ತು. ಅಂಗಡಿಯ ಮೇಜಿನ ಮೇಲೆ ಎರಡು ಸಾಲು ಟೈಪ್ ಮಾಡಿ ನೋಡಿ, ಒಪ್ಪಿ ತಂದೆ. ಮನೆಯಲ್ಲಿ ಎಂದಿನಂತೆ ಕುರ್ಚಿಗೆ ಒರಗಿ, ಕಾಲು ಚಾಚಿ, ತೊಡೆಯ ಮೇಲಿಟ್ಟುಕೊಂಡಾಗ ಹಿಂಬದಿಯ ಸ್ಟ್ಯಾಂಡ್ ಎರಡು ಮಂಡಿಗಳ ನಡುವೆ ಜಾರಿತು, ಟ್ಯಾಬ್ಲೆಟ್ ಹಿಂದಕ್ಕೆ ಮಗುಚಿತು. ಸ್ಟ್ಯಾಂಡನ್ನು ಕಡಿಮೆ ಬಿಚ್ಚಿ ನಿಲ್ಲಿಸಿದರೆ ಪರದೆ ತೀರಾ ನೆಟ್ಟಗಾಗಿ, ಕತ್ತು ಬಗ್ಗಿಸದೆ ಓದಲಾಗುತ್ತಿರಲಿಲ್ಲ. ಕೆಲವು ವಾರ ಹೆಣಗಿದ ಮೇಲೆ ಅದು ಕಪಾಟು ಸೇರಿತು. ಎಲ್ಲಿ ಕುಳಿತು ಬರೆಯುತ್ತೇನೆ ಎಂದು ನನ್ನನ್ನು ನಾನೇ ಮೊದಲು ಕೇಳಿಕೊಂಡಿದ್ದರೆ ಆ ಹಣ ಉಳಿಯುತ್ತಿತ್ತು.

ಆದ್ದರಿಂದ ಕೀಲಿಯ ಆಳ, ಬೆಳಕು, ಬ್ಯಾಟರಿಯ ಬಾಳಿಕೆ ಇವೆಲ್ಲ ನನಗೆ ಎರಡನೆಯ ಮಾತು. ಮೊದಲ ಮಾತು ಎರಡು ಪ್ರಶ್ನೆಗಳದು. ನೀವು ಬರೆಯುವುದು ಮೇಜಿನ ಮೇಲೋ, ತೊಡೆಯ ಮೇಲೋ? ದಿನಕ್ಕೆ ಎಷ್ಟು ಸಲ ಟ್ಯಾಬ್ಲೆಟನ್ನು ಕೀಬೋರ್ಡಿನಿಂದ ಬಿಡಿಸಿ ಬರಿಗೈಯಲ್ಲಿ ಹಿಡಿಯುತ್ತೀರಿ? ಇವೆರಡಕ್ಕೆ ಪ್ರಾಮಾಣಿಕವಾದ ಉತ್ತರ ಸಿಕ್ಕರೆ ಅಂಗಡಿಯಲ್ಲಿ ಕಾಣುವ ಮುಕ್ಕಾಲು ಪಾಲು ಕೇಸುಗಳನ್ನು ಮುಟ್ಟದೆಯೇ ಬದಿಗಿಡಬಹುದು.

ಭಾರ ಮೇಲೆ, ಬುಡ ಹಗುರ

ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ, ಪ್ರೊಸೆಸರ್ ಎಲ್ಲವೂ ಕೀಬೋರ್ಡಿನ ಕೆಳಗೆ ಇರುತ್ತವೆ. ಪರದೆ ತೆಳುವಾದ ಮುಚ್ಚಳ ಮಾತ್ರ. ಹಾಗಾಗಿಯೇ ಅದನ್ನು ಎಷ್ಟು ಹಿಂದಕ್ಕೆ ವಾಲಿಸಿದರೂ ಲ್ಯಾಪ್‌ಟಾಪ್ ಕದಲುವುದಿಲ್ಲ. ಟ್ಯಾಬ್ಲೆಟಿನಲ್ಲಿ ಇದು ತಲೆಕೆಳಗು. ಭಾರವೆಲ್ಲ ಪರದೆಯ ಹಿಂದೆ, ಕೀಬೋರ್ಡ್ ಬರಿಯ ಹಾಳೆ. ಹಿಂದಕ್ಕೆ ವಾಲಿಸಿದ ಕೂಡಲೇ ಮಗುಚಲು ನೋಡುತ್ತದೆ. ಕೀಬೋರ್ಡ್ ಕೇಸ್ ತಯಾರಿಸುವ ಪ್ರತಿಯೊಬ್ಬರೂ ಬಿಡಿಸಲು ಹೊರಟಿರುವುದು ಈ ಒಂದೇ ಒಗಟನ್ನು. ಕೆಲವರು ಹಿಂದಿನಿಂದ ಆನಿಕೆ ಕೊಡುತ್ತಾರೆ, ಕೆಲವರು ಕೀಬೋರ್ಡಿಗೇ ತೂಕ ತುಂಬುತ್ತಾರೆ, ಇನ್ನು ಕೆಲವರು ಪರದೆ ಹೆಚ್ಚು ವಾಲದಂತೆ ತಡೆಯುತ್ತಾರೆ. ಯಾವ ಕೇಸನ್ನು ಕೈಗೆತ್ತಿಕೊಂಡರೂ ಅದು ಈ ಮೂರರಲ್ಲಿ ಯಾವ ದಾರಿ ಹಿಡಿದಿದೆ ಎಂದು ಗುರುತಿಸಿ. ಅದರ ಗುಣದೋಷಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ತಿಳಿಯುತ್ತವೆ.

ಆನಿಕೆಯ ದಾರಿ ಹಿಡಿದವು ಸ್ಟ್ಯಾಂಡ್ ಇರುವ ಕೇಸುಗಳು. ಬೈಕಿನ ಸೈಡ್ ಸ್ಟ್ಯಾಂಡಿನಂತೆ ಬೆನ್ನಿನಿಂದ ಒಂದು ಪಟ್ಟಿ ಹೊರಬರುತ್ತದೆ. ಕೀಬೋರ್ಡ್ ಮುಂದಿನ ಅಂಚಿಗೆ ಅಯಸ್ಕಾಂತದಿಂದ ಅಂಟಿಕೊಳ್ಳುತ್ತದೆ. 2012ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಸರ್ಫೇಸ್ ಈ ಸ್ಟ್ಯಾಂಡನ್ನು ಟ್ಯಾಬ್ಲೆಟಿನ ಮೈಯಲ್ಲೇ ಕೂರಿಸಿತು. ಅದಿಲ್ಲದ ಟ್ಯಾಬ್ಲೆಟ್‌ಗಳಿಗೆ ಕೇಸೇ ಸ್ಟ್ಯಾಂಡನ್ನು ಒದಗಿಸಬೇಕು. ಲಾಜಿಟೆಕ್‌ನ ಕಾಂಬೊ ಟಚ್, ಆಪಲ್ 2022ರಲ್ಲಿ ಹತ್ತನೆಯ ತಲೆಮಾರಿನ ಐಪ್ಯಾಡಿಗಾಗಿ ತಂದ ಮ್ಯಾಜಿಕ್ ಕೀಬೋರ್ಡ್ ಫೋಲಿಯೊ ಇವೆಲ್ಲ ಈ ಬಳಗದವು. ಮೇಜಿನ ಮೇಲೆ ಇವುಗಳಷ್ಟು ಹೊಂದಿಕೊಳ್ಳುವ ಕೇಸ್ ಬೇರೊಂದಿಲ್ಲ. ಪರದೆಯನ್ನು ನೆಟ್ಟಗೂ ನಿಲ್ಲಿಸಬಹುದು, ಚಿತ್ರ ಬಿಡಿಸಲು ಬೇಕಾಗುವಷ್ಟು ಮಲಗಿಸಲೂಬಹುದು. ಕೀಬೋರ್ಡನ್ನು ಕಿತ್ತು ಬದಿಗಿಟ್ಟರೂ ಸ್ಟ್ಯಾಂಡ್ ಉಳಿಯುತ್ತದೆ. ಓದುವಾಗಲೋ ವಿಡಿಯೊ ನೋಡುವಾಗಲೋ ಕೀಲಿಗಳ ಕಾಟವಿಲ್ಲ.

ಬೆಲೆ ತೆರಬೇಕಾಗುವುದು ಜಾಗದಲ್ಲಿ. ಕೀಬೋರ್ಡಿನ ಆಳದ ಜೊತೆಗೆ ಸ್ಟ್ಯಾಂಡಿನ ಆಳವೂ ಸೇರಿ, ಇವು ಲ್ಯಾಪ್‌ಟಾಪಿಗಿಂತ ಹೆಚ್ಚು ಜಾಗ ಹಿಡಿಯುತ್ತವೆ. ರೈಲು, ವಿಮಾನಗಳಲ್ಲಿ ಸೀಟಿನ ಹಿಂದಿನ ಪುಟ್ಟ ಮಡಚು ಮೇಜಿನ ಮೇಲೆ ಸ್ಟ್ಯಾಂಡಿನ ತುದಿ ಹೊರಗೆ ಚಾಚಿಕೊಳ್ಳುತ್ತದೆ. ತೊಡೆಯ ಮೇಲಂತೂ ಕೀಬೋರ್ಡ್ ಮತ್ತು ಪರದೆಯ ನಡುವಿನ ಬೆಸುಗೆ ಬರಿಯ ಬಟ್ಟೆಯಂಥ ಪಟ್ಟಿ. ಕಾಲು ಅಲುಗಿದರೆ ಅದೂ ಅಲುಗುತ್ತದೆ. ಮಂಡಿಗಳನ್ನು ಜೋಡಿಸಿಕೊಂಡು ಶಿಸ್ತಾಗಿ ಕುಳಿತರೆ ಹೇಗೋ ನಡೆಯುತ್ತದೆ ಎನ್ನುವವರಿದ್ದಾರೆ. ಒಂದು ಗಂಟೆ ಬರೆಯಬೇಕಾದವರು ಹಾಗೆ ಕೂರುವುದಿಲ್ಲ.

ತೂಕದ ದಾರಿ ಹಿಡಿದವುಗಳಲ್ಲಿ ಎರಡು ಬಗೆ. ಒಂದು, ಪುಟ್ಟ ಲ್ಯಾಪ್‌ಟಾಪಿನಂತೆ ಕಾಣುವ ಹಿಂಜ್ ಕೇಸ್. ಟ್ಯಾಬ್ಲೆಟಿನ ಕೆಳ ಅಂಚನ್ನು ಎರಡು ಬಿಗಿಯಾದ ಹಿಡಿಗಳೋ ಗಟ್ಟಿ ಬೆನ್ನೊಂದೋ ಕಚ್ಚಿ ಹಿಡಿಯುತ್ತದೆ. ತೊಡೆಯ ಮೇಲೆ ಇದರಷ್ಟು ಭದ್ರವಾಗಿ ನಿಲ್ಲುವುದು ಇನ್ನೊಂದಿಲ್ಲ. ಮಡಚುವುದು, ತೆರೆಯುವುದು ಎಲ್ಲ ಕೈಗೆ ಪರಿಚಿತ. ಆದರೆ ಟ್ಯಾಬ್ಲೆಟನ್ನು ಬಿಡಿಸುವುದೇ ಒಂದು ಕೆಲಸ. ಪ್ರತಿ ಸಲವೂ ಅಂಚಿಗೆ ಉಗುರು ತೂರಿಸಿ ಎಳೆಯಬೇಕು. ಹಾಗಾದಾಗ ಬಿಡಿಸುವ ಗೊಡವೆಗೇ ಹೋಗುವುದಿಲ್ಲ. ಟ್ಯಾಬ್ಲೆಟ್ ಕೊಂಡು ಲ್ಯಾಪ್‌ಟಾಪ್ ಮಾಡಿಕೊಂಡಂತೆ ಆಗುತ್ತದೆ. ಬರೆಯುವುದೇ ಮುಖ್ಯ, ಓದು ಅಪರೂಪ ಎನ್ನುವವರಿಗೆ ಇದರಿಂದ ನಷ್ಟವಿಲ್ಲ.

ಇನ್ನೊಂದು, ತೇಲುವ ಬಗೆ. ಆಪಲ್ 2020ರಲ್ಲಿ ಐಪ್ಯಾಡ್ ಪ್ರೊಗಾಗಿ ತಂದ ಮ್ಯಾಜಿಕ್ ಕೀಬೋರ್ಡ್ ಇದಕ್ಕೆ ಎದ್ದು ಕಾಣುವ ಉದಾಹರಣೆ. ಟ್ಯಾಬ್ಲೆಟ್ ಅಯಸ್ಕಾಂತದ ಹಲಗೆಗೆ ಅಂಟಿಕೊಂಡು ಕೀಬೋರ್ಡಿನ ಹಿಂಭಾಗದ ಮೇಲೆ ಗಾಳಿಯಲ್ಲಿ ನಿಲ್ಲುತ್ತದೆ. ಪರದೆಯನ್ನು ಹೀಗೆ ಮುಂದಕ್ಕೆ ತಂದಿರುವುದು ಚಂದಕ್ಕಷ್ಟೇ ಅಲ್ಲ. ಭಾರದ ಕೇಂದ್ರ ಕೀಬೋರ್ಡಿನ ಮೇಲೆಯೇ ಬೀಳಲಿ, ಹಿಂದಕ್ಕೆ ಮಗುಚದಿರಲಿ ಎಂಬ ಲೆಕ್ಕ ಅದರಲ್ಲಿದೆ. ಬಿಡಿಸಲು ಒಂದು ಎಳೆತ ಸಾಕು, ತೊಡೆಯ ಮೇಲೂ ನಿಲ್ಲುತ್ತದೆ. ಆದರೂ ಒಗಟು ಪೂರ್ತಿ ಬಿಡಿಸಿಲ್ಲ. ಪರದೆ ಹಿಂದಕ್ಕೆ ವಾಲುವುದು 130 ಡಿಗ್ರಿಯವರೆಗೆ ಮಾತ್ರ. 11 ಇಂಚಿನ ಮಾದರಿಯ ಕೀಬೋರ್ಡ್ ಒಂದೇ ಸುಮಾರು 600 ಗ್ರಾಂ ತೂಗುತ್ತದೆ. ಅದರೊಳಗೆ ಕೂರುವ ಟ್ಯಾಬ್ಲೆಟಿನ ತೂಕ 470 ಗ್ರಾಂ ಆಸುಪಾಸು. ಅಂದರೆ ಒಡೆಯನಿಗಿಂತ ಉಡುಪೇ ಭಾರ. 12.9 ಇಂಚಿನ ಜೋಡಿ ಸುಮಾರು 1.35 ಕಿಲೋ ಆಗುತ್ತದೆ. ಅದೇ ವರ್ಷದ 13 ಇಂಚಿನ ಮ್ಯಾಕ್‌ಬುಕ್ ಏರ್ ತೂಗುತ್ತಿದ್ದುದು 1.29 ಕಿಲೋ. ಹಗುರವೆಂದು ಟ್ಯಾಬ್ಲೆಟ್ ಕೊಂಡವರು ಈ ಕೂಡಿಕೆಯನ್ನು ಒಮ್ಮೆ ಮಾಡಿ ನೋಡಲೇಬೇಕು. ಯಾವ ಕೇಸಿನ ಡಬ್ಬಿಯ ಮೇಲೂ ಒಟ್ಟು ತೂಕವನ್ನು ದಪ್ಪಕ್ಷರದಲ್ಲಿ ಬರೆದಿರುವುದನ್ನು ನಾನು ಕಂಡಿಲ್ಲ.

ವಾಲದಂತೆ ತಡೆಯುವ ಬಗೆ ಎಂದರೆ ಫೋಲಿಯೊ (ಮೇಲೆ ಹೇಳಿದ ಆಪಲ್‌ನ ಕೇಸ್ ಹೆಸರಿನಲ್ಲಿ ಮಾತ್ರ ಫೋಲಿಯೊ). ಪುಸ್ತಕದ ರಟ್ಟಿನಂಥ ಹೊದಿಕೆ, ಒಳಗೆ ಕೀಬೋರ್ಡ್, ಅದರ ಮೇಲಂಚಿನಲ್ಲಿ ಪರದೆಯನ್ನು ಊರಲು ಒಂದೆರಡು ತೋಡು. ಸಿಕ್ಕ ಕೋನವೇ ಕೋನ, ಬೇರೆ ಆಯ್ಕೆ ಇಲ್ಲ. ಅಗ್ಗ, ಹಗುರ, ಎರಡೂ ಬದಿ ಮುಚ್ಚುತ್ತದೆ. ಓದಲು ಹಿಂದಕ್ಕೆ ಮಡಚಿದಾಗ ಬೆರಳುಗಳಿಗೆ ಕೀಲಿಗಳೇ ಸಿಗುತ್ತವೆ. ಆಗ ಅವು ಕೆಲಸ ಮಾಡದಂತೆ ತಾವಾಗಿಯೇ ನಿಂತರೂ ಆ ಉಬ್ಬುತಗ್ಗು ಹಿಡಿತಕ್ಕೆ ಹಿತವಲ್ಲ. ಆಗೊಮ್ಮೆ ಈಗೊಮ್ಮೆ ಮಿಂಚಂಚೆ ಬರೆಯುವವರಿಗೆ ಸಾಕು.

ಇನ್ನೊಂದು ದಾರಿ ಉಳಿದಿದೆ. ಇದನ್ನು ಕೇಸುಗಳ ಸಾಲಿನಲ್ಲಿ ಯಾರೂ ಸೇರಿಸುವುದಿಲ್ಲ, ಆದರೆ ಮೇಜಿನ ಮುಂದೆಯೇ ಬರೆಯುವವರಿಗೆ ನಾನು ಮನಸಾರೆ ಹೇಳುವುದು ಇದನ್ನೇ: ಕೀಬೋರ್ಡ್ ಕೇಸನ್ನೇ ಕೊಳ್ಳಬೇಡಿ. ಟ್ಯಾಬ್ಲೆಟಿಗೆ ಸಾದಾ ಕವರ್ ಹಾಕಿ, ಎತ್ತರದ ಸ್ಟ್ಯಾಂಡೊಂದರ ಮೇಲಿಡಿ, ಬ್ಲೂಟೂತ್ ಕೀಬೋರ್ಡನ್ನು ಬೇರೆಯಾಗಿ ಇಟ್ಟುಕೊಳ್ಳಿ. ಕೇಸಿನಲ್ಲಿ ಪರದೆ ಯಾವಾಗಲೂ ಕೀಲಿಗಳ ಪಕ್ಕದಲ್ಲೇ, ಮೇಜಿನ ಮಟ್ಟದಲ್ಲೇ ಇರುತ್ತದೆ. ಕತ್ತು ಗಂಟೆಗಟ್ಟಲೆ ಬಾಗಿಯೇ ಇರುತ್ತದೆ. ಬೇರೆ ಬೇರೆಯಾಗಿಟ್ಟರೆ ಪರದೆ ಕಣ್ಣಿನ ಮಟ್ಟಕ್ಕೆ ಏರುತ್ತದೆ, ಕೈ ಕೆಳಗೆ ವಿಶ್ರಾಂತವಾಗಿ ಇರುತ್ತದೆ. ಕೀಲಿಗಳು ಪೂರ್ಣ ಅಳತೆಯವು ಸಿಗುತ್ತವೆ. ಎರಡು ಮೂರು ಸಾಧನಗಳಿಗೆ ಜೋಡಿಸಿಟ್ಟು, ಒಂದು ಗುಂಡಿಯಿಂದ ಫೋನಿಗೂ ಟ್ಯಾಬ್ಲೆಟಿಗೂ ಬದಲಾಯಿಸುವಂಥವು ಬೇಕಾದಷ್ಟಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆ ಟ್ಯಾಬ್ಲೆಟ್ ಬದಲಾದಾಗ ಈ ಕೀಬೋರ್ಡ್ ಉಳಿಯುತ್ತದೆ. ಕೇಸ್ ಹಾಗೆ ಉಳಿಯುವುದಿಲ್ಲ.

ಮೂರೂವರೆ ಸೆಂಟಿಮೀಟರಿನ ಕಥೆ

ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್ ದೂರ. ಒಂದು ಪೂರ್ತಿ ಸಾಲಿಗೆ, ಅಂದರೆ ಟ್ಯಾಬ್‌ನಿಂದ ಬಲತುದಿಯವರೆಗೆ, ಅಂಥ ಹದಿನೈದು ಕೀಲಿಗಳಷ್ಟು ಅಗಲ ಬೇಕು. ಲೆಕ್ಕ ಹಾಕಿದರೆ 28 ಸೆಂಟಿಮೀಟರಿಗೂ ತುಸು ಹೆಚ್ಚು. 11 ಇಂಚಿನ ಐಪ್ಯಾಡಿನ ಅಗಲ 25 ಸೆಂಟಿಮೀಟರಿನೊಳಗೆ. ಮೂರೂವರೆ ಸೆಂಟಿಮೀಟರನ್ನು ಎಲ್ಲಿಂದಲೋ ಕತ್ತರಿಸಲೇಬೇಕು. ಒಳ್ಳೆಯ ತಯಾರಕರು ನಡುವಿನ ಅಕ್ಷರಗಳನ್ನು ಹಾಗೆಯೇ ಬಿಟ್ಟು ಅಂಚಿನ ಟ್ಯಾಬ್, ಶಿಫ್ಟ್, ಎಂಟರ್, ಚಿಹ್ನೆಗಳ ಕೀಲಿಗಳನ್ನು ಕಿರಿದು ಮಾಡುತ್ತಾರೆ. ಅಗ್ಗದವುಗಳಲ್ಲಿ ಎಲ್ಲ ಕೀಲಿಗಳನ್ನೂ ಒಂದೇ ಸಮ ಕುಗ್ಗಿಸಿರುತ್ತಾರೆ, ಅದು ಕೆಟ್ಟದ್ದು. ಅಂಚಿನ ಕೀಲಿ ತಪ್ಪಿದರೆ ವಾರದಲ್ಲಿ ಕೈ ಕಲಿತುಕೊಳ್ಳುತ್ತದೆ. ಇಡೀ ಹಾಸು ಕುಗ್ಗಿದರೆ ಬೆರಳು ಕಲಿತ ಹಳೆಯ ಅಂತರವೆಲ್ಲ ಕೆಡುತ್ತದೆ.

12.9 ಇಂಚಿನ ಟ್ಯಾಬ್ಲೆಟ್ ಸುಮಾರು 28 ಸೆಂಟಿಮೀಟರ್ ಅಗಲವಿರುವುದರಿಂದ ಅಲ್ಲಿ ಈ ತೊಡಕು ಬಹುಮಟ್ಟಿಗೆ ಇಲ್ಲ. ಎಂಟು ಇಂಚಿನವುಗಳ ಅಗಲ ಅಡ್ಡ ಹಿಡಿದರೂ 20 ಸೆಂಟಿಮೀಟರ್ ಆಸುಪಾಸು. ಅದಕ್ಕೆ ಅಂಟಿಸುವ ಕೀಬೋರ್ಡ್ ಕೇಸನ್ನು ದೊಡ್ಡವರ ಕೈಗೆ ನಾನು ಶಿಫಾರಸು ಮಾಡುವುದಿಲ್ಲ. ಬೇಕೇಬೇಕೆಂದರೆ ಬಿಡಿ ಕೀಬೋರ್ಡೇ ಸರಿ.

ಈ ಕತ್ತರಿಯ ಪೆಟ್ಟು ಕನ್ನಡದಲ್ಲಿ ಬರೆಯುವವರಿಗೆ ಬೇರೆ ರೀತಿಯಲ್ಲಿ ಬೀಳುತ್ತದೆ. ಇಂಗ್ಲಿಷಿನಲ್ಲಿ ಬಲ ಅಂಚಿನ ಕೀಲಿಗಳು ಬರಿಯ ವಿರಾಮಚಿಹ್ನೆಗಳು, ಆವರಣಗಳು. ಭಾರತೀಯ ಭಾಷೆಗಳಿಗೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದಲ್ಲಿ ಅದೇ ಅರ್ಧ ವಿರಾಮದ ಕೀಲಿಯಲ್ಲಿ ‘ಚ’ ಇದೆ, ಅದರ ಪಕ್ಕದಲ್ಲಿ ‘ಟ’ ಇದೆ, ಚೌಕ ಆವರಣದ ಕೀಲಿಯಲ್ಲಿ ‘ಡ’ ಇದೆ. ಇಂಗ್ಲಿಷಿನವರು ಅಪರೂಪಕ್ಕೆ ಮುಟ್ಟುವ ಅರ್ಧ ಅಗಲದ ಕೀಲಿಯನ್ನು ನಾವು ಪ್ರತಿ ಸಾಲಿನಲ್ಲೂ ಒತ್ತಬೇಕು. ಇನ್‌ಸ್ಕ್ರಿಪ್ಟ್ ಬಳಸುವವರು ಕೊಳ್ಳುವ ಮುನ್ನ ಆ ಮೂರು ಕೀಲಿಗಳ ಅಗಲವನ್ನು ಕಣ್ಣಾರೆ ನೋಡಿ. ಕೆಲವು ಕಿರಿಯ ಕೀಬೋರ್ಡುಗಳಲ್ಲಿ ಚೌಕ ಆವರಣಕ್ಕೆ ಎಫ್‌ಎನ್ ಕೀಲಿ ಒತ್ತಿ ಹಿಡಿಯಬೇಕಾಗುತ್ತದೆ. ಕನ್ನಡದ ಇನ್ನೊಂದು ಕೀಲಿ ವಿನ್ಯಾಸವಾದ ಕೆ.ಪಿ. ರಾವ್ ವಿನ್ಯಾಸ ಕಲಿತವರಿಗೆ ಈ ಚಿಂತೆ ಇಲ್ಲ, ಅಲ್ಲಿ ಅಕ್ಷರಗಳೆಲ್ಲ ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳ ಕೀಲಿಗಳಲ್ಲೇ ಇವೆ. ಆದರೆ ಅವರು ನೋಡಬೇಕಾದ್ದು ಇನ್ನೊಂದಿದೆ. ಪರದೆಯ ಮೇಲಿನ ಕೀಬೋರ್ಡಿನಲ್ಲಿ ಸಿಗುವ ವಿನ್ಯಾಸ, ಹೊರಗಿನ ಕೀಬೋರ್ಡ್ ಜೋಡಿಸಿದಾಗಲೂ ಸಿಗುತ್ತದೆ ಎಂಬ ಖಾತರಿ ಇಲ್ಲ. ಅದು ಕೇಸಿನ ಗುಣವಲ್ಲ, ಟ್ಯಾಬ್ಲೆಟಿನ ತಂತ್ರಾಂಶದ ಗುಣ. ಯಾರ ಬಳಿಯಾದರೂ ಒಂದು ಬ್ಲೂಟೂತ್ ಕೀಬೋರ್ಡ್ ಎರವಲು ಪಡೆದು ನಿಮ್ಮ ಟ್ಯಾಬ್ಲೆಟಿಗೆ ಜೋಡಿಸಿ, ಒಂದು ಪುಟ ಕನ್ನಡ ಬರೆದು ನೋಡಿ. ಅದಾದ ಮೇಲೆ ಕೇಸಿಗೆ ಹಣ ಕೊಡಿ.

ಕೀಲಿ ಇಳಿಯುವ ಆಳದ ಬಗ್ಗೆ ಜನ ಬಹಳ ಮಾತನಾಡುತ್ತಾರೆ. ಮ್ಯಾಜಿಕ್ ಕೀಬೋರ್ಡಿನಲ್ಲಿ ಅದು 1 ಮಿಲಿಮೀಟರ್. ಅಷ್ಟಿದ್ದರೂ ವೇಗವಾಗಿ ಬರೆಯಬಹುದು. ನನಗೆ ಆಳಕ್ಕಿಂತ ಹಲಗೆಯ ಗಟ್ಟಿತನ ಮುಖ್ಯ. ನಡುವಿನ ಜಿ, ಎಚ್ ಕೀಲಿಗಳನ್ನು ತುಸು ಜೋರಾಗಿ ಒತ್ತಿ; ಕೀಬೋರ್ಡ್ ಚಾಪೆಯಂತೆ ಕುಗ್ಗಿ ಎದ್ದರೆ, ತೊಡೆಯ ಮೇಲೆ ಅದು ಇನ್ನೂ ಹೆಚ್ಚು ಕುಣಿಯುತ್ತದೆ ಎಂದು ತಿಳಿಯಿರಿ. ಸರ್ಫೇಸ್‌ನ ಕೀಬೋರ್ಡಿನ ಮೇಲಂಚನ್ನು ಪರದೆಯ ಬುಡಕ್ಕೆ ಮಡಚಿ ಅಂಟಿಸಿ ಇಳಿಜಾರು ಮಾಡಿಕೊಳ್ಳಬಹುದು. ಕೈಗೆ ಇಳಿಜಾರು ಹಿತ, ಆದರೆ ಕೆಳಗೆ ಟೊಳ್ಳು ಉಳಿಯುವುದರಿಂದ ಜೋರಾಗಿ ಬಡಿದು ಬರೆಯುವವರಿಗೆ ಸದ್ದು ಹೆಚ್ಚು.

ಮೇಲಿನ ಸಾಲಿನ ಫಂಕ್ಷನ್ ಕೀಲಿಗಳೂ ಜಾಗದ ಕೊರತೆಗೆ ಬಲಿಯಾಗುತ್ತವೆ. 2020ರ ಮ್ಯಾಜಿಕ್ ಕೀಬೋರ್ಡಿನಲ್ಲಿ ಆ ಸಾಲೇ ಇರಲಿಲ್ಲ, ಎಸ್ಕೇಪ್ ಕೀಲಿಯೂ ಇರಲಿಲ್ಲ. 2024ರ ಐಪ್ಯಾಡ್ ಪ್ರೊ ಮಾದರಿಯಲ್ಲಿ ಬಂತು. ಹಳೆಯದನ್ನು ಬಳಸುವವರು ಕಮಾಂಡ್ ಜೊತೆ ಪೂರ್ಣವಿರಾಮ ಒತ್ತಿ ಎಸ್ಕೇಪಿನ ಕೆಲಸ ಮಾಡಿಸಿಕೊಳ್ಳಬಹುದು. ಪ್ರತಿ ನಿಮಿಷ ಎಸ್ಕೇಪ್ ಬೇಕಾಗುವ ಪ್ರೋಗ್ರಾಮರುಗಳಿಗೆ ಅದು ಸಾಲದು.

ಟ್ರ್ಯಾಕ್‌ಪ್ಯಾಡ್ ಬಗ್ಗೆ ನನ್ನ ಮಾತು ಚಿಕ್ಕದು. ಐಪ್ಯಾಡಿಗೆ ಅದರ ಪೂರ್ಣ ಬೆಂಬಲ ಬಂದದ್ದು ಮಾರ್ಚ್ 2020ರ ಐಪ್ಯಾಡ್‌ಒಎಸ್ 13.4ರಲ್ಲಿ, ಆಂಡ್ರಾಯ್ಡಿನಲ್ಲಿ ಅದಕ್ಕೂ ಬಹಳ ಮೊದಲೇ ಇತ್ತು. ದೀರ್ಘ ಬರಹವನ್ನು ತಿದ್ದುವವರಿಗೆ, ಲೆಕ್ಕದ ಹಾಳೆ ತುಂಬುವವರಿಗೆ ಇದು ಬೇಕು. ಕೈಯನ್ನು ಪದೇ ಪದೇ ಪರದೆಗೆ ಎತ್ತುವುದು ಭುಜಕ್ಕೆ ನೋವು. ಆದರೆ ಅಗ್ಗದ ಟ್ರ್ಯಾಕ್‌ಪ್ಯಾಡ್ ಇಲ್ಲದಿರುವುದೇ ಮೇಲು. ಅಂಗೈ ತಾಗಿದಾಗಲೆಲ್ಲ ಕರ್ಸರ್ ಬೇರೆ ಸಾಲಿಗೆ ಹಾರಿ, ಬರೆಯುತ್ತಿದ್ದ ವಾಕ್ಯದ ಬಾಲ ಮೂರು ಪ್ಯಾರಾ ಹಿಂದೆ ಹೋಗಿ ಸೇರುತ್ತದೆ.

ಚುಕ್ಕೆಗಳೋ, ಬ್ಲೂಟೂತೋ

ಕೆಲವು ಟ್ಯಾಬ್ಲೆಟ್‌ಗಳ ಅಂಚಿನಲ್ಲೋ ಬೆನ್ನಿನಲ್ಲೋ ಲೋಹದ ಪುಟ್ಟ ಚುಕ್ಕೆಗಳಿರುತ್ತವೆ. 2015ರಲ್ಲಿ ಮೊದಲ ಐಪ್ಯಾಡ್ ಪ್ರೊ ಜೊತೆ ಬಂದ ಸ್ಮಾರ್ಟ್ ಕನೆಕ್ಟರ್‌ನಲ್ಲಿ ಮೂರು ಚುಕ್ಕೆ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎಸ್ ಸಾಲಿನಲ್ಲಿ ಪೋಗೊ ಪಿನ್‌ಗಳು. ಇವುಗಳ ಮೂಲಕ ಜೋಡಿಸುವ ಕೀಬೋರ್ಡಿಗೆ ಬ್ಯಾಟರಿ ಬೇಡ, ಹೊಂದಾಣಿಕೆ ಬೇಡ. ಅಂಟಿಸಿದ ಕ್ಷಣ ಕೆಲಸ ಶುರು. ಟ್ಯಾಬ್ಲೆಟಿನ ಚಾರ್ಜನ್ನೇ ಸ್ವಲ್ಪ ಕುಡಿಯುತ್ತವೆ ಎಂಬುದನ್ನು ಬಿಟ್ಟರೆ ಬಳಕೆಯಲ್ಲಿ ಕೊರತೆಯಿಲ್ಲ. ಅಪರೂಪಕ್ಕೆ ಕೀಬೋರ್ಡ್ ಸ್ಪಂದಿಸದಿದ್ದರೆ ಒಣ ಬಟ್ಟೆಯಿಂದ ಚುಕ್ಕೆಗಳನ್ನು ಒರೆಸಿ. ಅನೇಕ ವೇಳೆ ಧೂಳೇ ಕಾರಣ.

ಬ್ಲೂಟೂತ್ ಕೇಸುಗಳದು ಬೇರೆ ಸ್ವಭಾವ. ಚಾರ್ಜ್ ಉಳಿಸಲು ಅವು ಕೆಲವು ನಿಮಿಷ ಮುಟ್ಟದಿದ್ದರೆ ನಿದ್ರೆ ಹೋಗುತ್ತವೆ. ನಾನು ಬಳಸಿದ ಒಂದರಲ್ಲಿ ಯೋಚಿಸಿ ಯೋಚಿಸಿ ಬರೆಯಲು ಹೊರಟ ವಾಕ್ಯದ ಮೊದಲ ಎರಡು ಮೂರು ಅಕ್ಷರಗಳು ಪ್ರತಿ ಸಲವೂ ಮಾಯವಾಗುತ್ತಿದ್ದವು. ತಡೆದು ತಡೆದು ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ. ಮನಸ್ಸಿಗೆ ಬಂದ ಪದ ಪರದೆಗೆ ಬರದಿದ್ದಾಗ ಎಳೆ ತುಂಡಾಗುತ್ತದೆ. ಅಕ್ಷರಗಳ ಹಿಂದಿನ ಬೆಳಕು ಬ್ಯಾಟರಿಯನ್ನು ಬಹಳ ಬೇಗ ಬರಿದು ಮಾಡುತ್ತದೆ, ಹಾಗಾಗಿ ಡಬ್ಬಿಯ ಮೇಲೆ ತಿಂಗಳುಗಳ ಬಾಳಿಕೆ ಬರೆದಿದ್ದರೆ ಅದು ಬೆಳಕು ಆರಿಸಿದಾಗಿನ ಲೆಕ್ಕವೇ ಎಂದು ನೋಡಿ. ಚಾರ್ಜ್ ಮಾಡುವ ಕಿಂಡಿ ಟ್ಯಾಬ್ಲೆಟಿನದೇ ಬಗೆಯದೇ? ಇಂದಿಗೂ ಹಳೆಯ ಮೈಕ್ರೋ ಯುಎಸ್‌ಬಿ ಕಿಂಡಿಯ ಕೇಸುಗಳು ಮಾರಾಟಕ್ಕಿವೆ. ಅದಕ್ಕಾಗಿಯೇ ಇನ್ನೊಂದು ತಂತಿ ಹೊತ್ತು ತಿರುಗಬೇಕು. ಟ್ಯಾಬ್ಲೆಟಿನಲ್ಲಿ ಚುಕ್ಕೆಗಳ ಸೌಲಭ್ಯ ಇದ್ದು, ಅದಕ್ಕೆ ತಕ್ಕ ಕೇಸ್ ಕೈಗೆಟುಕುವಂತಿದ್ದರೆ ಬ್ಲೂಟೂತ್ ಕೇಸಿಗೆ ಹೋಗಬೇಡಿ.

ಅಳತೆಯ ಮೋಸ

‘11 ಇಂಚಿನ ಟ್ಯಾಬ್ಲೆಟಿಗೆ’ ಎಂದು ಬರೆದಿದ್ದರೆ ಅದನ್ನು ನಂಬಿ ಕೊಳ್ಳಬೇಡಿ. ಇಂಚು ಎಂದರೆ ಪರದೆಯ ಕರ್ಣ ಮಾತ್ರ. ದಪ್ಪ, ಕ್ಯಾಮೆರಾದ ಜಾಗ, ಗುಂಡಿಗಳ ಜಾಗ, ಒಳಗಿನ ಅಯಸ್ಕಾಂತಗಳ ಜಾಗ ಇವು ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. 2024ರ 11 ಇಂಚಿನ ಐಪ್ಯಾಡ್ ಪ್ರೊಗೆ ಹಿಂದಿನ 11 ಇಂಚಿನ ಪ್ರೊದ ಮ್ಯಾಜಿಕ್ ಕೀಬೋರ್ಡ್ ಹೊಂದುವುದಿಲ್ಲ. ಟ್ಯಾಬ್ಲೆಟಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಮಾದರಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಕೇಸಿನ ವಿವರದಲ್ಲಿ ಅದೇ ಸಂಖ್ಯೆ ಇದೆಯೇ ಎಂದು ಹೋಲಿಸಿ. ಎಲ್ಲ ಟ್ಯಾಬ್ಲೆಟಿಗೂ ಆಗುತ್ತದೆ ಎನ್ನುವ, ರಬ್ಬರ್ ಮೂಲೆಗಳಿಂದ ಹಿಡಿದಿಡುವ ಕೇಸುಗಳು ಯಾವ ಟ್ಯಾಬ್ಲೆಟಿಗೂ ಸರಿಯಾಗಿ ಆಗುವುದಿಲ್ಲ. ಗುಂಡಿ ಮುಚ್ಚುತ್ತದೆ, ಇಲ್ಲವೇ ಕ್ಯಾಮೆರಾ ಮುಚ್ಚುತ್ತದೆ.

ಕೇಸ್ ಎಂಬ ಹೆಸರಿದ್ದ ಮಾತ್ರಕ್ಕೆ ರಕ್ಷಣೆ ಇದೆ ಎಂದೂ ಅಲ್ಲ. ತೇಲುವ ಬಗೆಯಲ್ಲಿ, ಅನೇಕ ತೆಳು ಫೋಲಿಯೊಗಳಲ್ಲಿ ನಾಲ್ಕು ಅಂಚುಗಳೂ ಬಯಲು. ಟ್ಯಾಬ್ಲೆಟ್ ಕೈಜಾರಿದಾಗ ಮೊದಲು ನೆಲ ಮುಟ್ಟುವುದು ಮೂಲೆ. ಅಲ್ಲಿ ಮೆತ್ತೆ ಇಲ್ಲದಿದ್ದರೆ ಬೆನ್ನಿನ ಹೊದಿಕೆಯಿಂದ ಪ್ರಯೋಜನವಿಲ್ಲ. ಮಕ್ಕಳಿರುವ ಮನೆಯಲ್ಲಿ, ದಿನವೂ ಚೀಲದಲ್ಲಿ ಹೊತ್ತು ಓಡಾಡುವವರ ಕೈಯಲ್ಲಿ, ಮೂಲೆಗಳನ್ನು ಬಿಗಿಯಾಗಿ ಅಪ್ಪುವ ಸ್ಟ್ಯಾಂಡ್ ಕೇಸೇ ಉತ್ತಮ. ಹೊರಮೈಯ ಚರ್ಮದಂಥ ಪಾಲಿಯುರೆಥೇನ್ ಹೊದಿಕೆ ಮೊದಲು ಸುಲಿಯುವುದು ಮಡಿಕೆಯ ಅಂಚಿನಲ್ಲಿ. ಹಳೆಯ ಕೇಸ್ ಕೊಳ್ಳುವುದಾದರೆ ಅಲ್ಲಿ ಬೆರಳಾಡಿಸಿ ನೋಡಿ. ಬಿಳಿಯ ಬಣ್ಣ ಬೇಡವೇ ಬೇಡ, ಅಂಗೈ ಊರುವ ಜಾಗ ಕೆಲವೇ ತಿಂಗಳಲ್ಲಿ ಕಂದುತ್ತದೆ.

ಸಾಧ್ಯವಾದರೆ ಹಿಂದಿರುಗಿಸುವ ಅವಕಾಶ ಇರುವ ಕಡೆಯೇ ಕೊಳ್ಳಿ. ತಂದ ದಿನವೇ, ಹೊದಿಕೆಯ ಪ್ಲಾಸ್ಟಿಕ್ ಎಸೆಯುವ ಮೊದಲು, ನೀವು ನಿಜವಾಗಿ ಬರೆಯುವ ಜಾಗದಲ್ಲಿ ಕುಳಿತು ಅರ್ಧ ಗಂಟೆ ಬರೆಯಿರಿ. ಪರದೆಯ ಮೇಲಿನ ಮೂಲೆಯನ್ನು ಬೆರಳಿನಿಂದ ಮುಟ್ಟಿ. ಹಿಂದಕ್ಕೆ ತೂಗಿ ಬಂದರೆ ಆಮೇಲೆ ಪ್ರತಿ ಮುಟ್ಟಿಗೂ ಹಾಗೆಯೇ ತೂಗುತ್ತದೆ. ಪರದೆಯನ್ನು ಹಿಡಿದು ಮೇಲಕ್ಕೆತ್ತಿ. ಕೀಬೋರ್ಡ್ ಕಳಚಿ ಬೀಳುತ್ತದೆಯೇ ನೋಡಿ, ಆದರೆ ಕೆಳಗೆ ಹಾಸಿಗೆ ಇರಲಿ. ಇನ್ನೊಂದು ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡು, ಒಂದೇ ಕೈಯಲ್ಲಿ ಟ್ಯಾಬ್ಲೆಟನ್ನು ಬಿಡಿಸಲು ನೋಡಿ. ಮುಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ತೆರೆದಾಗ ಪರದೆಯ ಮೇಲೆ ಕೀಲಿಗಳ ಜಿಡ್ಡಿನ ಚೌಕಗಳು ಮೂಡಿವೆಯೇ ಎಂದು ಗಮನಿಸಿ. ಜಿಡ್ಡು ಒರೆಸಿದರೆ ಹೋಗುತ್ತದೆ, ಆದರೆ ಕೀಲಿಗಳು ಗಾಜಿಗೆ ತಾಗುತ್ತಿವೆ ಎಂಬುದಕ್ಕೆ ಅದು ಗುರುತು; ನಡುವೆ ಮರಳಿನ ಒಂದು ಕಣ ಸಿಕ್ಕಿಕೊಂಡರೆ ಗಾಜಿನ ಮೇಲೆ ಉಳಿಯುವ ಗೀರು ಒರೆಸಿದರೆ ಹೋಗುವಂಥದ್ದಲ್ಲ.